ಖಾಲಿ ಸ್ಲಾಟಿನ ಲೆಕ್ಕಾಚಾರ

ಹರಿಹರದ ಯಂತ್ರಪುರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಕೊಂಡವರು ಅದನ್ನು ಇಡಿಯಾಗಿ ಬದಲಿಸುವುದು ಅಪರೂಪ. ಎರಕದ ಬೆಡ್ ಹಾಗೆಯೇ ಉಳಿಯುತ್ತದೆ. ಸವೆದ ಗೇರು, ಹರಿದ ಬೆಲ್ಟು, ಸುಟ್ಟ ಮೋಟಾರು ಮಾತ್ರ ಬದಲಾಗುತ್ತವೆ. ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳಾದವು. ಆದರೆ ಅಲ್ಲಿಗೆ 14 ಕಿ.ಮೀ. ದೂರದ ದಾವಣಗೆರೆಯ ಹಾಸ್ಟೆಲ್ ಹುಡುಗನೊಬ್ಬ ಹಳೆಯ ಕಂಪ್ಯೂಟರಿನಲ್ಲಿ ಹೊಸ ಗೇಮ್ ಆಡಲು ಹೊರಟಾಗ ಹಾಕುವ ಲೆಕ್ಕವೂ ಅದೇ: ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬದಲಿಸುವುದು? ವ್ಯತ್ಯಾಸ ಒಂದೇ. ಲೇತಿನ ಬೆಡ್ ದಶಕಗಟ್ಟಲೆ ಬಾಳುತ್ತದೆ. ಕಂಪ್ಯೂಟರಿನ ಬೆಡ್ ಎನ್ನಬಹುದಾದ ಮದರ್‌ಬೋರ್ಡಿನ ಆಯುಷ್ಯವನ್ನು ಬಹುಮಟ್ಟಿಗೆ ಚಿಪ್ ತಯಾರಿಸುವ ಕಂಪೆನಿಗಳೇ ನಿಗದಿ ಮಾಡುತ್ತವೆ.

ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಮಾಡಿಕೊಳ್ಳುವ ಪದ್ಧತಿಗೆ ದಾರಿಯಾದದ್ದು ಅಮೆರಿಕದ ಐಬಿಎಂ ಕಂಪೆನಿ 1981ರ ಆಗಸ್ಟ್‌ನಲ್ಲಿ ಹೊರತಂದ ಪಿಸಿ. ಅದರ ಬೋರ್ಡಿನ ಮೇಲೆ ಖಾಲಿ ಸ್ಲಾಟುಗಳಿದ್ದವು. ಅವುಗಳ ತಾಂತ್ರಿಕ ವಿವರವನ್ನು ಐಬಿಎಂ ಮುಚ್ಚಿಡಲಿಲ್ಲ. ತೈವಾನಿನ ತಯಾರಕರು ಅದಕ್ಕೆ ಹೊಂದುವ ಬೋರ್ಡು, ಕಾರ್ಡುಗಳನ್ನು ಅಗ್ಗವಾಗಿ ಮಾಡತೊಡಗಿದರು. ಭಾರತದಲ್ಲಿ ಆಮದು ಸುಂಕದ ಗೋಡೆ ಎತ್ತರವಾಗಿತ್ತು. 1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರಕಾರ ಪ್ರಕಟಿಸಿದ ಹೊಸ ಕಂಪ್ಯೂಟರ್ ನೀತಿ ಅದನ್ನು ತುಸು ತಗ್ಗಿಸಿತು. 1997ರಲ್ಲಿ ಭಾರತ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಶೂನ್ಯಕ್ಕೆ ಬಂತು. ಮಧ್ಯಮ ವರ್ಗದ ಮನೆಗೆ ಕಂಪ್ಯೂಟರ್ ಬಂದದ್ದು ಈ ಅವಧಿಯಲ್ಲಿ, ಅದೂ ಹೆಚ್ಚಾಗಿ ಹೆಸರಿಲ್ಲದ ‘ಅಸೆಂಬಲ್ಡ್’ ಪೆಟ್ಟಿಗೆಯ ರೂಪದಲ್ಲಿ.

ದಾವಣಗೆರೆಯಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಿಂದ, ಬಿಐಇಟಿ 1979ರಿಂದ ಇವೆ. ಕಂಪ್ಯೂಟರಿನ ಅಗತ್ಯ ಮೊದಲು ಕಂಡದ್ದು ಇಂಥ ಕಾಲೇಜುಗಳ ಹುಡುಗರಿಗೆ. ಮನೆಯಲ್ಲಿ ಹೇಳುವ ಕಾರಣ ಪ್ರಾಜೆಕ್ಟ್ ಕೆಲಸ. ಮನಸ್ಸಿನಲ್ಲಿರುವುದು ರೋಡ್ ರ್‍ಯಾಶ್, ಕ್ವೇಕ್. ಬಿಡಿಭಾಗಗಳ ದೊಡ್ಡ ಪೇಟೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್‌ಪಿ ರೋಡ್. ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಹೋಗಿ ನಾಲ್ಕಂಗಡಿ ವಿಚಾರಿಸಿದರೆ ಹಣವೇನೋ ಉಳಿಯುತ್ತದೆ. ತಂದ ರ್‍ಯಾಮ್ ಕೈಕೊಟ್ಟರೆ ವಾರಂಟಿಗಾಗಿ ಮತ್ತೆ ಅಷ್ಟೇ ದೂರ ಹೋಗಬೇಕು. ಊರಿನ ಅಂಗಡಿಯವ ಕೇಳುವ ಹೆಚ್ಚಿನ ದುಡ್ಡು ಈ ಪ್ರಯಾಣದ ಬೆಲೆಯೇ ಆಗಿತ್ತೆಂದರೆ ತಪ್ಪಿಲ್ಲ.

ತೊಂಬತ್ತರ ದಶಕದ ನಡುವೆ ಬಡವನ ಭಾಗ್ಯವೆಂಬಂತೆ ಇದ್ದದ್ದು ‘ಸಾಕೆಟ್ 7’ ಬೋರ್ಡು. ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ6, ಸೈರಿಕ್ಸ್ ಮೂರೂ ಒಂದೇ ಗೂಡಿನಲ್ಲಿ ಕೂರುತ್ತಿದ್ದವು. ಬೋರ್ಡು ಬದಲಿಸದೆ ಚಿಪ್ ಬದಲಿಸಬಹುದಾದ್ದರಿಂದ ಪೈಪೋಟಿಯಿತ್ತು, ಬೆಲೆ ಇಳಿಯಿತು. 1997ರಲ್ಲಿ ಪೆಂಟಿಯಂ 2 ಜೊತೆ ಇಂಟೆಲ್ ತನ್ನದೇ ‘ಸ್ಲಾಟ್ 1’ ತಂದು ಆ ಬಾಗಿಲು ಮುಚ್ಚಿತು. ಮರುವರ್ಷ ಅದೇ ಕಂಪೆನಿಯ ಅಗ್ಗದ ಸೆಲರಾನ್ 300ಎ ಬಂತು. ಅದರ ಗುಣಕ 4.5ಕ್ಕೆ ಬಿಗಿಯಾಗಿತ್ತು. ಬೋರ್ಡಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ದುಬಾರಿ ಪೆಂಟಿಯಂ 2ಕ್ಕೆ ಸರಿಸಮನಾದ ಈ ಚಿಪ್ಪನ್ನು ಜಗತ್ತಿನೆಲ್ಲೆಡೆಯ ಜಿಪುಣ ಆಟಗಾರರು ಇಂದಿಗೂ ನೆನೆಯುತ್ತಾರೆ.

ಮೋಸ ಹೋದ ಕತೆಗಳೂ ಉಂಟು. 1999ರಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್‌ನ ಬೋರ್ಡುಗಳಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತಿತ್ತು; ಪ್ರತ್ಯೇಕ ಕಾರ್ಡಿನ ಖರ್ಚಿಲ್ಲ. ಮನೆಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಆದರೆ ಅವುಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದೇ ಇರುವ ಎಜಿಪಿ ಸ್ಲಾಟ್ ಇರಲಿಲ್ಲ. ವರ್ಷ ಕಳೆದು ಹುಡುಗ ಒಂದಿಷ್ಟು ದುಡ್ಡು ಕೂಡಿಸಿ ಕಾರ್ಡು ಕೊಳ್ಳಲು ಹೋದರೆ ಅದನ್ನು ಹಾಕಲು ಜಾಗವೇ ಇಲ್ಲ. ಉಳಿದದ್ದು ಪಿಸಿಐ ಸ್ಲಾಟ್ ಮಾತ್ರ. ಸೆಕೆಂಡಿಗೆ 133 ಮೆಗಾಬೈಟ್‌ನ ಆ ಹಾದಿಯನ್ನು ಉಳಿದ ಕಾರ್ಡುಗಳೊಡನೆ ಹಂಚಿಕೊಳ್ಳಬೇಕಿತ್ತು. ಅದೇ ಕಾಲದ ನಾಲ್ಕು ಪಟ್ಟಿನ ಎಜಿಪಿ ಹಾದಿ ಸಾವಿರ ಮೆಗಾಬೈಟ್ ದಾಟುತ್ತಿತ್ತು. ಕೊಳ್ಳುವ ದಿನ ಉಳಿಸಿದ ಹಣ ಹೀಗೆ ಇಡೀ ಬೋರ್ಡಿನ ಬೆಲೆಯಾಗಿ ಹಿಂತಿರುಗುತ್ತಿತ್ತು. ಎಜಿಪಿ ಇದ್ದವರೂ ನೆಮ್ಮದಿಯಾಗಿರಲಿಲ್ಲ. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು ಅವರ ಕಾರ್ಡುಗಳನ್ನು ಹೊಸ ಬೋರ್ಡಿಗೆ ಒಗ್ಗದಂತೆ ಮಾಡಿತು.

ಇನ್ನೊಂದು ಬಲೆ ಹೆಸರಿನದು. 2002ರ ಎನ್‌ವಿಡಿಯಾ ಜಿಫೋರ್ಸ್ 4 ಎಂಎಕ್ಸ್ ಕಾರ್ಡು ಹೆಸರಿನಲ್ಲಿ ನಾಲ್ಕು, ಒಳಗೆ ಬಹುಪಾಲು ಜಿಫೋರ್ಸ್ 2. ಹಿಂದಿನ ವರ್ಷದ ಜಿಫೋರ್ಸ್ 3ರಲ್ಲಿದ್ದ ಪಿಕ್ಸೆಲ್ ಶೇಡರ್ ಸೌಲಭ್ಯ ಅದರಲ್ಲಿರಲಿಲ್ಲ. 2003ರ ‘ಡೇಯಸ್ ಎಕ್ಸ್: ಇನ್‌ವಿಸಿಬಲ್ ವಾರ್’ ಇಂಥ ಕಾರ್ಡಿನಲ್ಲಿ ಓಡಲೇ ಇಲ್ಲ. ದೊಡ್ಡ ಸಂಖ್ಯೆ ನೋಡಿ ದುಡ್ಡು ಕೊಟ್ಟವರು ತಲೆ ಚಚ್ಚಿಕೊಳ್ಳಬೇಕಾಯಿತು.

ಗೇಮ್ ಓಡದಿರುವುದಕ್ಕಿಂತ ಕೆಟ್ಟದ್ದು ಕಂಪ್ಯೂಟರ್ ಸುಡುವುದು. ಲೋಡ್‌ಶೆಡ್ಡಿಂಗ್ ದಿನಚರಿಯಾಗಿದ್ದ ವರ್ಷಗಳಲ್ಲಿ ಬಯಲುಸೀಮೆಯ ಊರುಗಳಲ್ಲಿ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಕೊಳ್ಳುವಂತಿರಲಿಲ್ಲ; ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕಾದ ಹಣ ಅದಕ್ಕೆ ಹೋಗುತ್ತಿತ್ತು. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯದು ಇನ್ನೂ ಸೂಕ್ಷ್ಮ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆಯಂತೆ ಬರುವ ಅಗ್ಗದ ಪೆಟ್ಟಿಗೆಗಳು ಚೀಟಿಯ ಮೇಲೆ ಅಚ್ಚಾದಷ್ಟು ವಾಟ್ ಕೊಡುವುದಿಲ್ಲ. ಕಚೇರಿ ಕೆಲಸಕ್ಕೆ ಸಾಕಾಗುವ ಅದು ಕಾರ್ಡಿನ ಹೊರೆ ಬಿದ್ದಾಗ ಕುಸಿಯುತ್ತದೆ, ಕೆಲವೊಮ್ಮೆ ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಹಳಬರು ಮೊದಲ ದುಡ್ಡನ್ನು ಇಲ್ಲಿಗೇ ಹಾಕಿ ಎನ್ನುವುದು ಸುಮ್ಮನಲ್ಲ.

ಶತಮಾನದ ತಿರುವಿನಲ್ಲಿ ಇದಕ್ಕೆ ಜಾಗತಿಕ ಪೀಡೆಯೊಂದೂ ಸೇರಿಕೊಂಡಿತು. ಒಳಗಿನ ರಾಸಾಯನಿಕ ದ್ರವ ಸರಿಯಿಲ್ಲದ ಕೆಪಾಸಿಟರುಗಳು ಲಕ್ಷಾಂತರ ಬೋರ್ಡುಗಳಲ್ಲಿ ಕೂತು, ಎರಡು ಮೂರು ವರ್ಷಗಳಲ್ಲಿ ತಲೆ ಉಬ್ಬಿ ಸೋರತೊಡಗಿದವು. ದೊಡ್ಡ ಕಂಪೆನಿಗಳು ಇಡೀ ಬೋರ್ಡನ್ನೇ ಬದಲಿಸಿಕೊಟ್ಟವು. ವಾರಂಟಿ ಮುಗಿದವರ ಪಾಲಿಗೆ ಉಳಿದದ್ದು ರೇಡಿಯೊ, ಟಿ.ವಿ. ರಿಪೇರಿಯವರ ಕಾವೇರಿದ ಸೋಲ್ಡರಿಂಗ್ ಕಡ್ಡಿ. ಕೆಲವೇ ರೂಪಾಯಿಯ ಬಿಡಿಭಾಗ ಹಾಕಿದರೆ ಸಾವಿರಾರು ರೂಪಾಯಿಯ ಬೋರ್ಡು ಮತ್ತೆ ಏಳುತ್ತಿತ್ತು.

ಈಚಿನ ವರ್ಷಗಳಲ್ಲಿ ಸಾಕೆಟ್ 7ರ ಉದಾರತೆ ಮರಳಿದ್ದು ಎಎಂಡಿಯ ಎಎಂ4 ಬೋರ್ಡುಗಳಲ್ಲಿ. 2017ರಲ್ಲಿ ಕೊಂಡ ಬೋರ್ಡಿಗೆ ಬಯೋಸ್ ನವೀಕರಿಸಿ 2022ರ ರೈಜೆನ್ ಚಿಪ್ ಹಾಕಲು ಸಾಧ್ಯವಾಯಿತು. ಇಂಟೆಲ್ ಅದೇ 2017ರಲ್ಲಿ ಮಾಡಿದ್ದು ಉಲ್ಟಾ: ಎಂಟನೇ ಪೀಳಿಗೆಯ ಚಿಪ್ಪಿಗೂ ಹಿಂದಿನ ಬೋರ್ಡಿಗೂ ಪಿನ್ನುಗಳ ಸಂಖ್ಯೆ 1151 ಎಂದು ಒಂದೇ, ಕೂರಿಸಿದರೆ ಕೂರುತ್ತದೆ, ಕೆಲಸ ಮಾತ್ರ ಮಾಡದು. 2020-21ರಲ್ಲಿ ಚಿಪ್ ಅಭಾವ ಹಾಗೂ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡು ಕೈಗೆಟುಕದಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಆ ವಿಧಾನ ಕೈಬಿಟ್ಟ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಹಳೇ ಮಾಲಿನ ಪೇಟೆಗೆ ಬಂದವು. ಕೊಳ್ಳುವವರು ಫ್ಯಾನ್ ತಿರುಗಿಸಿ, ಅರ್ಧ ಗಂಟೆ ಗೇಮ್ ಓಡಿಸಿ ನೋಡಿ ಹಣ ಕೊಡುವುದು ವಾಡಿಕೆಯಾಯಿತು.

ಇದೆಲ್ಲ ದಾಟಿ ಉಳಿದ ಪೆಟ್ಟಿಗೆಗಳಿಗೆ ಈಗ ತಂತ್ರಾಂಶದ ಕಡೆಯಿಂದ ಕುತ್ತು ಬಂದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಬಹುತೇಕ ಚಿಪ್ಪುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ಮೊದಲ ರೈಜೆನ್‌ಗಳನ್ನೂ ಒಪ್ಪುವುದಿಲ್ಲ. ರ್‍ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿ, ಸೆಕೆಂಡ್ ಹ್ಯಾಂಡ್ ಕಾರ್ಡು ಕೂಡಿಸಿ ಸಜ್ಜು ಮಾಡಿಕೊಂಡ ಯಂತ್ರದಲ್ಲಿ ಗೇಮ್ ಚೆನ್ನಾಗಿಯೇ ಓಡುತ್ತದೆ. ಲೀನಕ್ಸ್ ಹಾಕಿಕೊಂಡು ಅದನ್ನೇ ಮುಂದುವರಿಸುವವರೂ ಇದ್ದಾರೆ.