ಗಡಂಗಿನಿಂದ ಪಬ್‌ವರೆಗೆ: ಉತ್ತರ ಬೆಂಗಳೂರಿನ ಸಂಜೆಯ ದಾರಿ

ನಾಲ್ವರು ಗೆಳೆಯರು ಶನಿವಾರದ ಸಂಜೆಗೆ ಯೋಜನೆ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಯಶವಂತಪುರದಲ್ಲಿ ಮೊದಲ ಸುತ್ತು, ಆರ್.ಟಿ. ನಗರದಲ್ಲಿ ಎರಡನೆಯದು, ಹೆಬ್ಬಾಳ ದಾಟಿ ಯಲಹಂಕದಲ್ಲಿ ಊಟದೊಂದಿಗೆ ಮುಕ್ತಾಯ. ಒಂದೇ ಕಡೆ ಕೂರದೆ ಬಾರಿನಿಂದ ಬಾರಿಗೆ ಹೋಗುವ ಈ ರೂಢಿಗೆ ಬಾರ್ ಹಾಪಿಂಗ್ ಎಂದು ಹೆಸರು. ಎಲ್ಲಿಗೆ ಹೋಗಬೇಕೆಂಬುದನ್ನು ತಾವೇ ಆರಿಸಿದೆವು ಎಂದು ಅವರು ಭಾವಿಸಬಹುದು. ಆದರೆ ಆ ದಾರಿಯನ್ನು ಅಬಕಾರಿ ಕಾನೂನು ಮತ್ತು ಹೆದ್ದಾರಿಗಳು ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿಬಿಟ್ಟಿವೆ.

ಬೆಂಗಳೂರಿಗೆ ಪಬ್ ನಗರ ಎಂಬ ಹೆಸರು ಬಂದದ್ದು 1980ರ ದಶಕದ ಉತ್ತರಾರ್ಧದ ನಂತರ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳಲ್ಲಿ ಪಬ್‌ಗಳು ಹತ್ತಿರ ಹತ್ತಿರ ಇದ್ದವು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಿತ್ತು. ಉತ್ತರದ ಬಡಾವಣೆಗಳ ಕಥೆ ಬೇರೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳು ನಗರದೊಳಗೆ ಸೇರಿಹೋದ ಹಳೆಯ ಊರುಗಳು. ಒಂದು ಬದಿಗೆ ತುಮಕೂರು ರಸ್ತೆ, ಇನ್ನೊಂದು ಬದಿಗೆ ಬಳ್ಳಾರಿ ರಸ್ತೆ. ಯಶವಂತಪುರದಿಂದ ಯಲಹಂಕಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ಬಾರಿನಿಂದ ಬಾರಿಗೆ ಹೋಗುವುದೆಂದರೆ ವಾಹನ ಹತ್ತುವುದು ಎಂದೇ ಅರ್ಥ.

ಬಾರುಗಳಿಗೆ ಮುಂಚೆ ಈ ಸೀಮೆಯಲ್ಲಿ ಗಡಂಗುಗಳಿದ್ದವು. ಈಚಲು ಮರದಿಂದ ಇಳಿಸಿದ ಹೆಂಡ ಮತ್ತು ಸಾರಾಯಿ ಬಯಲುಸೀಮೆಯ ದುಡಿಯುವ ಜನರ ಕುಡಿತವಾಗಿದ್ದವು. ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಆ ಆದಾಯ ಖಜಾನೆಗೆ ದೊಡ್ಡ ಆಸರೆಯಾಗಿತ್ತು. ಹೆಂಡದ ಮಾರಾಟವನ್ನು 2004ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ನಿಲ್ಲಿಸಲಾಯಿತು. 2007ರ ಜುಲೈ 1ರಿಂದ ರಾಜ್ಯದಾದ್ಯಂತ ಸಾರಾಯಿ ನಿಷೇಧವಾಯಿತು.

ಸಾರಾಯಿ ಬಡವರ ಮನೆ ಮುರಿಯುತ್ತದೆ ಎಂಬ ವಾದಕ್ಕೆ ಬಲವಿತ್ತು. ಆದರೆ ಗಡಂಗು ಮುಚ್ಚಿದ ಮಾತ್ರಕ್ಕೆ ದಾಹ ಇಂಗುವುದಿಲ್ಲ. 1981ರಲ್ಲಿ ವಿಷಮದ್ಯ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮುನ್ನ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಗಡಂಗಿನ ಗಿರಾಕಿ ಕಾನೂನುಬದ್ಧವಾಗಿ ಕುಡಿಯಬೇಕಾದರೆ ಅಗ್ಗದ ವಿಸ್ಕಿಯ ಕಡೆಗೇ ತಿರುಗಬೇಕಾಯಿತು.

ಅವನು ಎಲ್ಲಿ ಕುಡಿಯಬೇಕೆಂಬುದನ್ನೂ ಸನ್ನದೇ ಹೇಳುತ್ತದೆ. ಸಿ.ಎಲ್. 2 ಎಂಬ ಸನ್ನದಿನ ಅಂಗಡಿಯಲ್ಲಿ, ಅಂದರೆ ಜನ ವೈನ್ ಶಾಪ್ ಎನ್ನುವ ಕಡೆ, ಬಾಟಲಿ ಕೊಂಡು ಹೋಗಬೇಕು, ಅಲ್ಲೇ ಕುಡಿಯುವಂತಿಲ್ಲ. ಕೂತು ಕುಡಿಯಲು ಸಿ.ಎಲ್. 9 ಸನ್ನದು, ಅಂದರೆ ಬಾರ್ ಅಂಡ್ ರೆಸ್ಟೋರೆಂಟ್ ಬೇಕು. ಮೊದಲನೆಯದರಲ್ಲಿ ಬೆಲೆ ಕಡಿಮೆ, ಕೂರಲು ಜಾಗವಿಲ್ಲ. ಎರಡನೆಯದರಲ್ಲಿ ಮೇಜು, ಕುರ್ಚಿ, ನಂಚಿಕೊಳ್ಳಲು ತಿಂಡಿ ಎಲ್ಲ ಇದೆ, ಬೆಲೆ ಹೆಚ್ಚು. ಸಂಜೆಯನ್ನು ಯೋಜಿಸುವ ಸುಖ ಎರಡನೆಯ ಬಾಗಿಲು ದಾಟಬಲ್ಲವನಿಗೆ ಮಾತ್ರ.

ಹೆದ್ದಾರಿಯ ಪಾತ್ರ ಸ್ಪಷ್ಟವಾಗಿ ಕಂಡದ್ದು 2017ರಲ್ಲಿ. ಕುಡಿದು ವಾಹನ ಓಡಿಸುವುದರಿಂದ ಆಗುವ ಸಾವುಗಳನ್ನು ತಡೆಯಲೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಆದೇಶಿಸಿತು. ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಈ ಅಂತರವನ್ನು ಮುಂದೆ 220 ಮೀಟರಿಗೆ ಇಳಿಸಿತು. ಕರ್ನಾಟಕದಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಜುಲೈ 1ರಂದು ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಹಲವು ಪಬ್‌ಗಳೇ ಬಾಗಿಲು ಹಾಕಿದವು. ತುಮಕೂರು ರಸ್ತೆ, ಬಳ್ಳಾರಿ ರಸ್ತೆಗಳಂತೂ ಹೆದ್ದಾರಿಯ ಗುಂಟವೇ ಬೆಳೆದ ಪೇಟೆಗಳು. ಅಳತೆಯ ಪಟ್ಟಿ ಹಿಡಿದರೆ ಯಾರ ಸನ್ನದು ಉಳಿಯುತ್ತದೆ, ಬಾರಿನ ಮಾಣಿ, ಅಡುಗೆಯವರ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಅದೇ ಜುಲೈ 11ರಂದು, ಆ ಆದೇಶ ನಗರಾಡಳಿತದ ಮಿತಿಯೊಳಗಿನ ಸನ್ನದುಗಳಿಗೆ ಅಡ್ಡಿಯಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿದ ಮೇಲೆ ಉಸಿರು ಮರಳಿತು.

ಈ ನಡುವೆ ಉತ್ತರದ ಚಹರೆಯೂ ಬದಲಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ನೆಲಕ್ಕೆ ಬೆಲೆ ಏರಿತು. 2010ರ ನಂತರ ನಗರದಲ್ಲಿ, ಕುಡಿಯುವ ಕಡೆಯಲ್ಲೇ ಬಿಯರ್ ಇಳಿಸುವ ಪುಟ್ಟ ಭಟ್ಟಿಗಳು, ಅಂದರೆ ಮೈಕ್ರೋಬ್ರೂವರಿಗಳು, ಹಬ್ಬಿ ಹೆಣ್ಣೂರು ರಸ್ತೆಗೂ ಬಂದವು. ರಾತ್ರಿಯ ಗಡುವನ್ನು 2014ರಲ್ಲಿ ವಾರಾಂತ್ಯಕ್ಕೆ, 2016ರಲ್ಲಿ ಎಲ್ಲ ದಿನಗಳಿಗೂ ಒಂದು ಗಂಟೆಯವರೆಗೆ ವಿಸ್ತರಿಸಲಾಯಿತು.

ಆದರೆ ಕುಡಿಯುವ ಹೊತ್ತು ಬೆಳೆದಷ್ಟು ಮನೆಗೆ ಮರಳುವ ದಾರಿ ಬೆಳೆಯಲಿಲ್ಲ. ಯಶವಂತಪುರಕ್ಕೆ 2014ರಲ್ಲೇ ಮೆಟ್ರೋ ಬಂತು. ಆದರೆ ಮಧ್ಯರಾತ್ರಿಯ ನಂತರದ ಗಿರಾಕಿಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದವರಿಗೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಎಂ.ಜಿ. ರಸ್ತೆಯಲ್ಲಿ ನಡೆದು ಸುತ್ತುವವನಿಗಿಂತ ಹೆಬ್ಬಾಳದ ಮೇಲ್ಸೇತುವೆ ಹತ್ತಬೇಕಾದವನಿಗೆ ಈ ಲೆಕ್ಕ ಹೆಚ್ಚು ಮುಖ್ಯ. ಹಾಗಾಗಿ ಆ ನಾಲ್ವರು ಗೆಳೆಯರು ಮೊದಲು ಗೊತ್ತುಮಾಡಬೇಕಾದದ್ದು ಕೊನೆಯ ಬಾರಿನಿಂದ ಮನೆಗೆ ಕರೆದೊಯ್ಯುವ ಆಟೋ ಅಥವಾ ಟ್ಯಾಕ್ಸಿಯನ್ನು. ಉಳಿದ ಯೋಜನೆ ಆಮೇಲಿನದು.