ಹೆರಿಗೆ ಕೋಣೆಯ ಬಾಗಿಲು ತೆರೆದ ದಿನ

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರ ಆ ದಿನ ಬಡ ಹುಡುಗಿ ಬರ್ನಡೆತ್‌ಳಿಗೆ ಮಾತೆ ಮರಿಯಮ್ಮನವರು ಮೊದಲ ಬಾರಿ ದರ್ಶನವಿತ್ತರು. ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ಇದೇ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಅಂದಿನಿಂದ ನಮ್ಮ ಧರ್ಮಕೇಂದ್ರಗಳಲ್ಲೂ ಈ ಹಬ್ಬದ ಬಲಿಪೂಜೆಗೆ ರೋಗಿಗಳನ್ನು ಕರೆತಂದು ಅವರಿಗಾಗಿ ಪ್ರಾರ್ಥಿಸುವ ರೂಢಿ ಬಂದಿದೆ. ಮುಂದೆ ಕನ್ಯಾಭಗಿನಿಯಾದ ಬರ್ನಡೆತ್ ತಾನೇ ಕಾಯಿಲೆಯವಳಾಗಿದ್ದರೂ ನೆವೆರ್ಸ್ ಕಾನ್ವೆಂಟಿನ ರೋಗಿಗಳ ಕೋಣೆಯಲ್ಲಿ ಶುಶ್ರೂಷೆ ಮಾಡಿದಳೆಂಬುದನ್ನು ಬಹಳ ಮಂದಿ ಅರಿಯರು.

ಇದೇ ಫೆಬ್ರವರಿ 11ರಂದು, 1936ರಲ್ಲಿ, ರೋಮಿನಿಂದ ಇನ್ನೊಂದು ಸಂದೇಶ ಹೊರಟಿತು. ಅದರ ನೆನಪು ನಮ್ಮ ಪ್ರಬೋಧನೆಗಳಲ್ಲಿ ಅಷ್ಟಾಗಿ ಬರುವುದಿಲ್ಲ. ವ್ರತ ಸ್ವೀಕರಿಸಿದ ಭಗಿನಿಯರು ಹೆರಿಗೆ ಮಾಡಿಸಬಹುದು, ವೈದ್ಯೆಯರಾಗಿ ದುಡಿಯಬಹುದು ಎಂದು ಆ ಪತ್ರ ತಿಳಿಸಿತು.

ಹಾಗಾದರೆ ಅದುವರೆಗೆ? ರೋಗಿಗಳ ಆರೈಕೆಗೆ ಅಡ್ಡಿಯಿರಲಿಲ್ಲ. ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲೇ ತೆರೆದಿದ್ದರು. ಆದರೆ ಹೆರಿಗೆ ಕೋಣೆ ವ್ರತಧಾರಿಗಳಿಗೆ ತಕ್ಕ ಸ್ಥಳವಲ್ಲವೆಂದು ಧರ್ಮಸಭೆಯ ನಿಯಮ ಭಾವಿಸಿತ್ತು. ಶೀಲವನ್ನು ಕಾಯುವ ಉದ್ದೇಶ ಅದರ ಹಿಂದಿತ್ತು, ನಿಜ. ಎಲಿಜಬೇತಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದ ಮರಿಯಳನ್ನು ದಿನವೂ ಜಪಮಾಲೆಯಲ್ಲಿ ಧ್ಯಾನಿಸುವ ನಾವೇ ಬಸುರಿಯ ಬಾಗಿಲಲ್ಲಿ ಭಗಿನಿಯರನ್ನು ತಡೆದು ನಿಲ್ಲಿಸಿದ್ದೆವು ಎಂಬುದೂ ನಿಜ.

ಇದರ ನೋವನ್ನು ಕಣ್ಣಾರೆ ಕಂಡವರು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್ಲಾರೆನ್. ಹೆಣ್ಣೆಂಬ ಕಾರಣಕ್ಕೆ ಸ್ವದೇಶದಲ್ಲಿ ವೈದ್ಯ ಪದವಿ ಸಿಗದೆ ಫ್ರಾನ್ಸಿನ ಮೊಂಪೆಲ್ಯೆಯಲ್ಲಿ ಓದಿ 1878ರಲ್ಲಿ ಪದವಿ ಪಡೆದವರು ಅವರು. ಅರವತ್ತು ದಾಟಿದ ಮೇಲೆ ಕಥೋಲಿಕ ವಿಶ್ವಾಸಕ್ಕೆ ಬಂದರು. ರಾವಲ್ಪಿಂಡಿಯ ಪರದೆಯೊಳಗಿನ ಹೆಂಗಸರು ಪುರುಷ ವೈದ್ಯರಿಗೆ ಮುಖ ತೋರಿಸರು, ಚಿಕಿತ್ಸೆ ಇಲ್ಲದೆಯೇ ಸಾಯುವರು. ಅಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ತೆರೆಯಲು ಕಾರಣರಾದ ಈ ಮುದುಕಿ ನಿಯಮ ಸಡಿಲಿಸಿರೆಂದು ಮತ್ತೆ ಮತ್ತೆ ರೋಮಿಗೆ ಹೋಗಿ ಬೇಡಿದರು. 1913ರಲ್ಲಿ ತೀರಿಕೊಳ್ಳುವಾಗಲೂ ಆ ಬೇಡಿಕೆ ಈಡೇರಿರಲಿಲ್ಲ.

ಬಿತ್ತಿದ ಬೀಜ ಮಾತ್ರ ಮೊಳೆಯಿತು. ಅವರ ಕುರಿತ ಕಿರುಪುಸ್ತಕವನ್ನು 1915ರಲ್ಲಿ ಓದಿದ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಜೆ.ಎಂ.ಜೆ. ಭಗಿನಿಯರ ಸಂಘ ಸೇರಿದರು. ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ಮುಂದುವರಿಸಿದರು. ಒಬ್ಬರ ಕೈ ಎಷ್ಟು ಮನೆ ಮುಟ್ಟೀತು? ಅದಕ್ಕೇ ಅವರು ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ಕೊಡುವುದನ್ನು, ಶುಶ್ರೂಷೆಯನ್ನು, ಹೆರಿಗೆ ಮಾಡಿಸುವುದನ್ನು ಕಲಿಸಿದರು. ಮೆಕ್ಲಾರೆನ್‌ರಿಂದಲೇ ಪ್ರೇರಣೆ ಪಡೆದು ರಾವಲ್ಪಿಂಡಿಯಲ್ಲಿ ದುಡಿದ ಆಸ್ಟ್ರಿಯಾದ ಡಾ. ಆನ್ನಾ ಡೆಂಗೆಲ್ 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಘವನ್ನು ಕಟ್ಟಿದರು. ಅದರ ಸದಸ್ಯೆಯರು ಬಹಿರಂಗ ವ್ರತ ಸ್ವೀಕರಿಸಲು 1936ರ ಪತ್ರ ಬರುವವರೆಗೆ ಕಾಯಬೇಕಾಯಿತು.

ಆ ಪತ್ರದಲ್ಲಿ ಅನುಮತಿಯ ಜೊತೆಗೇ ಒಂದು ಶರತ್ತಿತ್ತು. ಈ ಸೇವೆಗೆ ಇಳಿಯುವ ಭಗಿನಿಯರು ತಕ್ಕ ತರಬೇತಿ ಪಡೆದು ವೈದ್ಯಪದವಿಯನ್ನೋ ನರ್ಸಿಂಗ್ ಸರ್ಟಿಫಿಕೇಟನ್ನೋ ಹೊಂದಿರಬೇಕು. ನನ್ನ ಮಟ್ಟಿಗೆ ಪತ್ರದ ತಿರುಳು ಇದೇ. ಸಿಸ್ಟರ್ ಎಂದ ಮಾತ್ರಕ್ಕೆ, ಕರುಣೆ ಇದ್ದ ಮಾತ್ರಕ್ಕೆ ಹೆರಿಗೆ ಮಾಡಿಸಲಾಗದು. ಮಗು ಅಡ್ಡ ತಿರುಗಿದ್ದರೆ, ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ತಿಳಿದಿರಬೇಕು. ಅದಕ್ಕಿಂತಲೂ ಮುಖ್ಯವಾಗಿ, ಯಾವಾಗ ಗಾಡಿ ಕಟ್ಟಿಸಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ತಿಳಿದಿರಬೇಕು. ನಮ್ಮ ಅಜ್ಜಿಯಂದಿರ ಕಾಲದ ಸೂಲಗಿತ್ತಿಯರ ಕೈಗುಣವನ್ನು ಹಗುರ ಮಾಡುವ ಮಾತಲ್ಲ ಇದು. ಕೈಗುಣ ಸೋತಾಗ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ, ಅಷ್ಟೆ.

ಸರ್ಟಿಫಿಕೇಟು ಬೇಕೆಂದು ರೋಮ್ ಹೇಳಿತು. ಕಲಿತವರನ್ನು ಗುರುತಿಸಿ ಹೆಸರು ಬರೆದಿಡುವ ಕೆಲಸ ಸರಕಾರದ್ದು. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ನರ್ಸ್ ಮತ್ತು ಮಿಡ್‌ವೈಫರ ಕಾಯಿದೆ 1926ರಲ್ಲೇ ಬಂದಿತ್ತು. ಆದರೂ ಕಲಿತವರು ಎಷ್ಟು ಮಂದಿ? 1946ರ ಭೋರ್ ಸಮಿತಿಯ ವರದಿ ಓದಿದರೆ ಎದೆ ಝಲ್ಲೆನ್ನುತ್ತದೆ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸುಮಾರು 7,000 ನರ್ಸುಗಳು, ಅಂದರೆ 43,000 ಜನರಿಗೆ ಒಬ್ಬರು. ಬಸಿರು ಬಾಣಂತನದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರ ಸಾವು.

1947ರ ಕೊನೆಯ ದಿನ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆ ಜಾರಿಗೆ ಬಂದು ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣಕ್ಕೆ ದಾರಿಯಾಯಿತು. ಪೂರ್ಣ ತರಬೇತಿಯ ಸ್ಟಾಫ್ ನರ್ಸುಗಳನ್ನು ಹಳ್ಳಿಹಳ್ಳಿಗೆ ಕಳಿಸುವಷ್ಟು ಸಂಖ್ಯೆ ಇರಲಿಲ್ಲ. ಹಾಗಾಗಿ 1951ರಲ್ಲಿ ಎರಡು ವರ್ಷಗಳ ಎ.ಎನ್.ಎಂ. ತರಬೇತಿ ಶುರುವಾಯಿತು. ಪಂಜಾಬಿನ ತರಣ್ ತಾರಣ್‌ನ ಸೇಂಟ್ ಮೇರೀಸ್ ಆಸ್ಪತ್ರೆ ಅದಕ್ಕೆ ನಾಂದಿ ಹಾಡಿತು. ನಮ್ಮ ಹಳ್ಳಿಗಳ 'ನರ್ಸಮ್ಮ' ಹುಟ್ಟಿದ್ದು ಹೀಗೆ. ಚುಚ್ಚುಮದ್ದಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದ ಆಕೆಯನ್ನು ಹಿರಿಯರು ಮರೆತಿರಲಾರರು. 1977ರಲ್ಲಿ ತರಬೇತಿಯನ್ನು ಹದಿನೆಂಟು ತಿಂಗಳಿಗೆ ಇಳಿಸಲಾಯಿತು, ಮುಂದೆ ಮತ್ತೆ ಎರಡು ವರ್ಷಕ್ಕೆ ಏರಿಸಲಾಯಿತು. ನಮ್ಮ ರಾಜ್ಯದ ನೋಂದಣಿಗೆ ಆಧಾರ 1961ರ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರರ ಕಾಯಿದೆ. ಕೇಂದ್ರದ ಹಳೆಯ ಕಾಯಿದೆಯ ಬದಲಿಗೆ 2023ರಲ್ಲಿ ಹೊಸದನ್ನು ಸಂಸತ್ತು ಅಂಗೀಕರಿಸಿದೆ.

ಇಲ್ಲಿ ತಂದೆತಾಯಂದಿರಿಗೆ ಒಂದು ಮಾತು. ಕೆಲವೇ ತಿಂಗಳಲ್ಲಿ ನರ್ಸ್ ಮಾಡಿಬಿಡುತ್ತೇವೆಂದು ಫಲಕ ಹಾಕಿಕೊಂಡವರ ಕೈಗೆ ಸಾಲ ಮಾಡಿದ ಹಣವಿಟ್ಟು, ಆಮೇಲೆ ನೋಂದಣಿಯಾಗದ ಕಾಗದ ಹಿಡಿದು ಅಳುವ ಹೆಣ್ಣುಮಕ್ಕಳು ಧರ್ಮಕೇಂದ್ರದ ಕಚೇರಿಗೂ ಬರುತ್ತಾರೆ. ಶುಲ್ಕ ಕಟ್ಟುವ ಮೊದಲು ಆ ಶಾಲೆಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮನ್ನಣೆ ಇದೆಯೇ ಎಂದು ಕೇಳಿ. ಕಲಿಕೆ, ಪರೀಕ್ಷೆ ಮುಗಿದ ಬಳಿಕ ಕೌನ್ಸಿಲಿನ ದಾಖಲೆಯಲ್ಲಿ ಹೆಸರು ಸೇರಿದರೆ ಮಾತ್ರ ಆಕೆ ಕಾನೂನಿನ ಪ್ರಕಾರ ನರ್ಸು.

ಇನ್ನು ಗುಂಟೂರಿನ ಸಿಸ್ಟರ್ ಮೇರಿ ಗ್ಲೌರಿ. 1943ರಲ್ಲಿ ಅವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಭಾರತದಲ್ಲಿ ಆಗಬೇಕೆಂಬುದು ಅವರ ಬಹುದಿನದ ಹಂಬಲ. ಕೊನೆಗಾಲದಲ್ಲಿ ಕಾಯಿಲೆಯಿಂದ ನರಳಿ 1957ರ ಮೇ ತಿಂಗಳಲ್ಲಿ ಅವರು ಪ್ರಾಣ ಬಿಟ್ಟದ್ದು ಬೆಂಗಳೂರಿನಲ್ಲಿ. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಬಾಗಿಲು ತೆರೆಯಿತು.