ನೋಡುವ ದೈವ, ಬೇಡುವ ದೈವ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಆಕರಗಳ ಬಗ್ಗೆ ಒಂದು ಟಿಪ್ಪಣಿ

1. ಆಕರಗಳ ವ್ಯಾಪ್ತಿ

ದೈವಚಿಂತನೆ ಪರರ ನೆರವಿಗೆ ಪ್ರೇರಕವೇ ಎಂಬ ಪ್ರಶ್ನೆಯನ್ನು ಇಲ್ಲಿ ದಾನಶಾಸನ ಮತ್ತು ಮೌಖಿಕ ಕಾವ್ಯಗಳಿಗೆ ಸೀಮಿತಗೊಳಿಸಿದೆ. ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 4ನೇ ಸಂಪುಟದಲ್ಲಿ (1898) ಎರಡೂ ತಾಲ್ಲೂಕುಗಳ ಶಾಸನಗಳು ಒಟ್ಟಿಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆ 3ನೇ ಸಂಪುಟಕ್ಕೂ (1974) ಚಾಮರಾಜನಗರ 4ನೆಯದಕ್ಕೂ (1975) ಸೇರಿವೆ. ಆವೃತ್ತಿಯನ್ನು ಹೇಳದೆ ಶಾಸನಸಂಖ್ಯೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ರೈಸ್ ಸಂಪುಟದಲ್ಲಿಲ್ಲ. ಆದ್ದರಿಂದ ಕೊಳ್ಳೇಗಾಲವನ್ನೂ ಒಳಗೊಂಡು 1997ರಲ್ಲಿ ರಚನೆಯಾದ ಇಂದಿನ ಚಾಮರಾಜನಗರ ಜಿಲ್ಲೆಯ ಚಿತ್ರ ಆ ಸಂಪುಟವೊಂದರಿಂದಲೇ ದೊರೆಯದು.

2. ಶಾಪಾಶಯ ಯಾರನ್ನು ಕುರಿತದ್ದು?

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯವನ್ನು (ಶಾಪಾಶಯ) ‘ಪಾಪಭೀತಿಯಿಂದ ದಾನ’ ಎಂಬ ವಾದಕ್ಕೆ ಆಧಾರವಾಗಿ ಬಳಸುವುದುಂಟು. ಪಠ್ಯ ಇದನ್ನು ಸಮರ್ಥಿಸುವಂತೆ ಕಾಣುವುದಿಲ್ಲ. ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ ಕೊಟ್ಟ ಭೂಮಿಯನ್ನು ಮರಳಿ ಕಸಿದವನಿಗೆ, ಕೊಡದವನಿಗಲ್ಲ. ದೈವದ ಕಣ್ಣು ಇಲ್ಲಿ ದತ್ತಿಯನ್ನು ಕಾಯುತ್ತದೆ, ದಾನವನ್ನು ಪ್ರಚೋದಿಸುವುದಿಲ್ಲ.

ದಾನಿಯ ಉದ್ದೇಶ ತಿಳಿಯುವ ಕಡೆ ಅದು ಹೆಚ್ಚಾಗಿ ಪುಣ್ಯ ಅಥವಾ ಪಿತೃಸ್ಮರಣೆ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ತಂದೆಯ ನೆನಪಿಗೆ ಕಟ್ಟಿಸಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರೂ ತಂದೆಯ ಹುಟ್ಟೂರು ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು.

3. ಬಾಗಿಲಿಗೆ ಬರುವ ದೈವ

ಮಂಟೇಸ್ವಾಮಿ, ಅವನ ಶಿಷ್ಯ ಸಿದ್ಧಪ್ಪಾಜಿ, ಮಲೆ ಮಹದೇಶ್ವರ (ಮಾದಪ್ಪ) ಎಂಬ ಜನಪದ ದೈವಗಳ ಮೌಖಿಕ ಕಾವ್ಯಗಳಲ್ಲಿ ಸ್ಥಿತಿ ಬೇರೆ. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣದ ಬಾಗಿಲಿಗೆ ಬರುವುದು ಎಲ್ಲರೂ ಹೇಸುವ ರೋಗಿಷ್ಠನ ರೂಪದಲ್ಲಿ. ಮಾದಪ್ಪನಿಗೆ ಬೇವಿನಹಟ್ಟಿ ಕಾಳಮ್ಮ ಭಿಕ್ಷೆ ನಿರಾಕರಿಸುತ್ತಾಳೆ, ಕೆಡುತ್ತಾಳೆ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಅಲ್ಲಿಯೂ ಸಿಗುವುದು ನಿರಾಕರಣೆಯೇ. ಮೂರರಲ್ಲೂ ದೈವ ಮೇಲೆ ನಿಂತು ನೋಡುವ ಸಾಕ್ಷಿಯಲ್ಲ, ಎದುರು ನಿಂತು ಕೈಯೊಡ್ಡುವ ಭಿಕ್ಷುಕ. ಪಡಿ ಕೇಳಿ ಬರುವ ಮಾದಪ್ಪನ ದೇವರಗುಡ್ಡರಿಗೂ ಮಂಟೇಸ್ವಾಮಿ ಪರಂಪರೆಯ ನೀಲಗಾರರಿಗೂ ಈ ಕಥೆಗಳೇ ಬೆನ್ನಿಗಿವೆ. ಹಾಡುವವರೂ ಅವರೇ ಎಂಬುದನ್ನು ಮರೆಯುವಂತಿಲ್ಲ. ಭಿಕ್ಷಾಜೀವಿಯೇ ಕಾಯ್ದುಕೊಂಡ ಕಾವ್ಯ ಭಿಕ್ಷೆಯನ್ನು ಎತ್ತಿಹಿಡಿದರೆ, ಅದನ್ನು ಕೇಳುಗರ ನಡವಳಿಕೆಗೆ ನೇರ ಪುರಾವೆಯಾಗಿ ಸ್ವೀಕರಿಸಲಾಗದು.

ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯನ್ನು ಬೇಡುವ ದೈವದ ಈ ವರ್ಗಕ್ಕೆ ಸೇರಿಸಿಲ್ಲ. ಜಾತಿಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುವ ಅಲ್ಲಿ ಕೊಡುವವ, ಪಡೆಯುವವ ಎಂಬ ವಿಭಜನೆ ಸ್ಪಷ್ಟವಿಲ್ಲ.

4. ಪ್ರಯೋಗಗಳೊಡನೆ ಹೋಲಿಕೆ

ಇದೇ ಪ್ರಶ್ನೆಯನ್ನು ಪರೀಕ್ಷಿಸಿದ ಮನೋವಿಜ್ಞಾನಿಗಳಾದ ಷರೀಫ್ ಮತ್ತು ನೊರೆನ್ಝಯನ್ (2007) ಅವರ ಮೊದಲ ಪ್ರಯೋಗದಲ್ಲಿ ದೈವಸೂಚಕ ಪದಗಳನ್ನು ಕಂಡವರು 10 ಡಾಲರಿನಲ್ಲಿ ಅಪರಿಚಿತರಿಗೆ ಸರಾಸರಿ 4.22, ಉಳಿದವರು 1.84 ಡಾಲರ್ ಬಿಟ್ಟುಕೊಟ್ಟರು. ಎರಡನೆಯದರಲ್ಲಿ ಪೊಲೀಸ್, ನ್ಯಾಯಾಲಯದಂಥ ಪದಗಳಿಗೂ ಬಹುತೇಕ ಅಷ್ಟೇ ಪರಿಣಾಮವಿತ್ತು. 455 ಮಂದಿಯ ಮರುಪ್ರಯೋಗದಲ್ಲಿ (ಗೋಮ್ಸ್ ಮತ್ತು ಮೆಕಲಫ್, 2015) ಪರಿಣಾಮ ಕಾಣಲಿಲ್ಲ; 2016ರ ಸಮಗ್ರ ವಿಶ್ಲೇಷಣೆ ಅಂಥ ಪರಿಣಾಮವನ್ನು ಆಸ್ತಿಕರ ಮಟ್ಟಿಗೆ ಒಪ್ಪುತ್ತದೆ. ಇವೆಲ್ಲ ಪರೀಕ್ಷಿಸಿದ್ದು ಮುಖ್ಯವಾಗಿ ನೋಡುವ ದೈವವನ್ನು. ಬೇಡುವವನು ಎದುರಿಗಿದ್ದ ಸನ್ನಿವೇಶಕ್ಕೆ ಹತ್ತಿರವಾದದ್ದು ಡಾರ್ಲಿ ಮತ್ತು ಬ್ಯಾಟ್ಸನ್ (1973) ಪ್ರಯೋಗ: 40 ಧರ್ಮಶಾಸ್ತ್ರ ವಿದ್ಯಾರ್ಥಿಗಳಲ್ಲಿ ಅವಸರವಿಲ್ಲದವರ ಪೈಕಿ ಶೇ. 63, ತೀರಾ ಅವಸರದಲ್ಲಿದ್ದವರ ಪೈಕಿ ಶೇ. 10 ಮಂದಿ ದಾರಿಯಲ್ಲಿ ಎದುರಾದ ಕಷ್ಟದಲ್ಲಿದ್ದವನ ನೆರವಿಗೆ ನಿಂತರು. ಪರೋಪಕಾರದ ದೃಷ್ಟಾಂತವನ್ನೇ ಬೋಧಿಸಲು ಹೊರಟಿದ್ದವರಲ್ಲೂ ಗಣನೀಯ ಹೆಚ್ಚಳ ಕಂಡಿರಲಿಲ್ಲ.

2ನೇ ಭಾಗದಲ್ಲಿ ಕಂಡಂತೆ ದತ್ತಿಯನ್ನಷ್ಟೇ ಕಾಯುವ ಶಾಪಾಶಯವನ್ನು ದಾನಪ್ರೇರಣೆಯ ಸಾಕ್ಷಿಗಳ ಪಟ್ಟಿಯಿಂದ ಕೈಬಿಡುವುದು, ಸದ್ಯದ ಆಕರಗಳ ಮಟ್ಟಿಗೆ, ಸೂಕ್ತ.